ಎಣಿಸಿ ಕವಿತೆ ಬರೆಯೋಣ

ಮಕ್ಕಳೇ, ಶಿರಗುಪ್ಪಿಯ ಸುತ್ತ ಕಬ್ಬಿಗೇನು ಬರವೇ? ಒಂದು ಗಳ ತಂದು ಒಂದು ಗೇಣಿನ ಮತ್ತು ಎರಡು ಗೇಣಿನ ತುಂಡುಗಳನ್ನು ಮಾಡಿಕೊಳ್ಳಿ. (ತಿನ್ನುವುದು ಆಮೇಲೆ!) ಇವನ್ನು ಸಾಲಾಗಿ ಜೋಡಿಸಿ 4 ಗೇಣು ಉದ್ದ ಮಾಡಬೇಕು. ಎಷ್ಟು ಬಗೆಯಲ್ಲಿ ಸಾಧ್ಯ?

1+1+1+1, 1+1+2, 1+2+1, 2+1+1, 2+2. ಒಟ್ಟು 5 ಬಗೆ.

3 ಗೇಣಿಗೆ 3 ಬಗೆ, 2 ಗೇಣಿಗೆ 2 ಬಗೆ. ಮಾಡಿ ನೋಡಿ. 4 ಗೇಣಿಗೆ 5 ಏಕೆ ಬಂತು? ಸಾಲಿನ ಕೊನೆಯ ತುಂಡನ್ನು ಗಮನಿಸಿ. ಅದು ಗಿಡ್ಡದಾದರೆ ಅದರ ಹಿಂದೆ 3 ಗೇಣು ಉಳಿಯುತ್ತದೆ, ಉದ್ದದ್ದಾದರೆ 2 ಗೇಣು. ಆದ್ದರಿಂದ 3+2=5. ಹೀಗೆಯೇ 5 ಗೇಣಿಗೆ 5+3=8.

ಈಗ ಗಿಡ್ಡ ತುಂಡಿಗೆ ಲಘು, ಉದ್ದದ ತುಂಡಿಗೆ ಗುರು ಎನ್ನಿ. ಪದ್ಯದಲ್ಲಿ ಲಘುವಿಗೆ 1 ಮಾತ್ರೆ, ಗುರುವಿಗೆ 2 ಮಾತ್ರೆ. ನಮ್ಮ ಕಂದ ಪದ್ಯದ 4 ಮಾತ್ರೆಯ ಗಣಗಳು ಮೇಲಿನ ಆ 5 ಬಗೆಯವೇ! ಗುಜರಾತಿನ ಹೇಮಚಂದ್ರ ಸುಮಾರು 1150ರಲ್ಲಿ ಈ ಲೆಕ್ಕವನ್ನು ವಿವರಿಸಿದ್ದ. ಅವನಿಗೂ ಮೊದಲೇ ವಿರಹಾಂಕ ಇದನ್ನು ಕಂಡಿದ್ದ. ಇಟಲಿಯ ಫಿಬೊನಾಚಿ ಇದೇ ಸಂಖ್ಯೆಗಳನ್ನು ತನ್ನ ಪುಸ್ತಕದಲ್ಲಿ ಬರೆದದ್ದು 1202ರಲ್ಲಿ. ಆದರೂ ಜಗತ್ತು ಅವನ ಹೆಸರನ್ನೇ ಹೇಳುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ.

ಈ ಸಂಖ್ಯೆಗಳ ಮುಂದೆ ಇನ್ನೊಂದು 1 ಇಟ್ಟರೆ 1, 1, 2, 3, 5, 8. ಸಾಲಿಗೆ ಇಷ್ಟಿಷ್ಟೇ ಉಚ್ಚಾರದ ತುಣುಕುಗಳಿರುವ ಪುಟ್ಟ ಕವಿತೆಯನ್ನು 2006ರಲ್ಲಿ ಅಮೆರಿಕದ ಗ್ರೆಗರಿ ಪಿಂಕಸ್ ಜನಪ್ರಿಯಗೊಳಿಸಿದರು. ಕನ್ನಡದಲ್ಲಿ ನಾವು ಅಕ್ಷರ ಎಣಿಸೋಣ. ಒತ್ತಕ್ಷರ ಬಂದರೂ ಒಂದೇ ಅಕ್ಷರ.

2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಟಿತು. ಅದರ ಸಂಕೇತಗಳನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ ಹಿಡಿಯಿತು. ಚಂದ್ರನಲ್ಲಿ ನೀರಿನ ಅಣುಗಳಿವೆ ಎಂಬ ಸುದ್ದಿ 2009ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಅದರ ಮೇಲೆ ನಾನು ಬರೆದದ್ದು:

ಬಾ
ನೀ
ಚಂದ್ರ
ತೋರಿಸು
ನಿನ್ನೂರಿನಲ್ಲಿ
ಕೆರೆಕೆರೆ ತುಂಬ ನೀರು

ಎಣಿಸಿ. ಲೆಕ್ಕ ಸರಿ ಇದೆ. ಆದರೆ ವಿಜ್ಞಾನ ತಪ್ಪು! ಚಂದ್ರನಲ್ಲಿ ಕೆರೆಯಿಲ್ಲ. ಅಲ್ಲಿ ಗಾಳಿಯ ಒತ್ತಡವೇ ಇಲ್ಲದಂತಿರುವುದರಿಂದ ಹರಿಯುವ ನೀರು ನಿಲ್ಲಲಾರದು. ಸಿಕ್ಕದ್ದು ಮಣ್ಣಿನ ಕಣಗಳಿಗೆ ಅಂಟಿದ ಅಣುಗಳು. ಕೆರೆ ಎಂಬ ಪದ ನನಗೆ ಬಹಳ ಹಿಡಿಸಿತ್ತು. ಆದರೂ ಅಳಿಸಿದೆ. ಕೊನೆಯ ಎರಡು ಸಾಲು ಹೀಗಾದವು:

ಮಣ್ಣಿಗಂಟಿದ
ಕಣ್ಣಿಗೆ ಕಾಣದ ನೀರು

ಈಗ ನೀವು ಬರೆಯಿರಿ. ಮೊದಲು ಅಕ್ಷರ ಎಣಿಸಿ, ನಂತರ ಪ್ರತಿ ಸಾಲೂ ನಿಜವೇ ಎಂದು ನಿಮ್ಮ ವಿಜ್ಞಾನದ ಶಿಕ್ಷಕರನ್ನು ಕೇಳಿ. ಏಳನೆಯ ಸಾಲು ಬೇಕೆನಿಸಿದರೆ ಅದಕ್ಕೆ ಎಷ್ಟು ಅಕ್ಷರ ಇರಬೇಕು?