ಅನ್ನದ ಜೊತೆಗೆ ಬರುವ ಐದು



ಧಮ್ಮ ಬಂಧುಗಳೇ, ಊಟದ ಮಾತು ಬಂದರೆ ಈಗ ಎಲ್ಲರೂ ತೂಕದ ಲೆಕ್ಕ ಹೇಳುತ್ತಾರೆ. ಎಷ್ಟು ಕೆಜಿ ಇಳಿಯಿತು, ಏನು ಬಿಟ್ಟರೆ ಹೊಟ್ಟೆ ಕರಗುತ್ತದೆ, ಇಷ್ಟೇ. ತೂಕ ಇಳಿಸಿದ ಕಥೆ ತಿಪಿಟಕದಲ್ಲೂ ಇದೆ. ಕೋಸಲದ ರಾಜ ಪಸೇನದಿ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತಾ ಭಗವಾನರ ಬಳಿ ಬಂದ. ಮಿತಾಹಾರದ ಬಗ್ಗೆ ಅವರು ಹೇಳಿದ ಗಾಥೆಯನ್ನು ಸುದಸ್ಸನ ಎಂಬ ಯುವಕ ಪ್ರತಿದಿನ ಊಟದ ವೇಳೆ ರಾಜನಿಗೆ ಕೇಳಿಸುತ್ತಿದ್ದ. ರಾಜ ಕ್ರಮೇಣ ಹಗುರಾದ. ಆದರೆ ಅದು ಅರಮನೆಯ ತೊಂದರೆ. ನಮ್ಮ ಅಜ್ಜಿಯರದು ಬೇರೆಯೇ ಇತ್ತು.

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ ಭೋಜನದ ಬಗ್ಗೆ ಒಂದು ಪುಟ್ಟ ಸುತ್ತವಿದೆ. ಊಟ ಕೊಡುವವರು ಐದನ್ನು ಕೊಡುತ್ತಾರೆ ಎಂಬುದು ಅದರ ಸಾರ: ಆಯುಸ್ಸು, ವರ್ಣ, ಸುಖ, ಬಲ, ಪ್ರತಿಭಾನ. (ಇಲ್ಲಿ ವರ್ಣ ಎಂದರೆ ಮೈಕಾಂತಿ, ಗಾಬರಿ ಬೇಡ!) ಬಲ ಎಂದರೆ ಪೈಲ್ವಾನರ ಬಲ ಮಾತ್ರವಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಕಾಲು ತಡವರಿಸುತ್ತದೆ. ಹಿರಿಯರಿಗೆ ಬರೀ ಗಂಜಿ ಸಾಲದು. ಬೇಳೆ, ಕಾಳು, ಮೊಟ್ಟೆಯೂ ಬೇಕು.

ಐದನೆಯದಾದ ಪ್ರತಿಭಾನ ಎಂದರೆ ತಟ್ಟನೆ ಹೊಳೆಯುವ ಬುದ್ಧಿ, ಸಮಯಕ್ಕೆ ಒದಗುವ ಮಾತು. ತರಗತಿಯಲ್ಲಿ ನಿಲ್ಲುವವರಿಗೆ ಇದು ಕಣ್ಣಿಗೆ ಕಾಣುವ ಸಂಗತಿ. ತಿಂಡಿ ತಿನ್ನದೆ ಬಂದ ಮಗು ಹನ್ನೊಂದು ಗಂಟೆಗೆಲ್ಲ ಬೆಂಚಿಗೆ ತಲೆ ಇಡುತ್ತದೆ. ಅದಕ್ಕೆ ದಡ್ಡ ಎಂಬ ಹೆಸರು ಬೀಳುತ್ತದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟು. ದೇಹ ವಿಶ್ರಾಂತಿಯಲ್ಲಿದ್ದಾಗಲೂ ಅದು ಬಳಸುವ ಶಕ್ತಿ ನೂರಕ್ಕೆ ಇಪ್ಪತ್ತರಷ್ಟು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಸುಸ್ತು, ಗಮನ ನಿಲ್ಲದಿರುವುದು ಎರಡೂ ಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇದೆ. ಬಾಬಾಸಾಹೇಬರು ಶಿಕ್ಷಣ ಎಂದರು. ಶಾಲೆಗೆ ಹೋದ ಮಗುವಿನ ತಲೆಗೆ ಪಾಠ ಇಳಿಯಬೇಕಾದರೆ ರಕ್ತದಲ್ಲಿ ಕಸುವು ಬೇಡವೇ?

2021ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎದ್ದ ಗದ್ದಲ ನೆನಪಿರಬಹುದು. ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಆದರೂ ಬೇರೆಯವರ ಮಕ್ಕಳ ತಟ್ಟೆಯಿಂದ ಮೊಟ್ಟೆ ತೆಗೆಯಿರಿ ಎಂದು ಕೆಲವರು ಪಟ್ಟು ಹಿಡಿದರು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್, ಜೊತೆಗೆ ಸೊಪ್ಪು ಕಾಳುಗಳಲ್ಲಿ ಸಿಗದ ಬಿ12 ಇದೆ. ಮೊಟ್ಟೆ, ಒಣಮೀನು, ಮಾಂಸ ತಿನ್ನುವುದಕ್ಕೆ ನಮ್ಮ ಮಕ್ಕಳು ನಾಚಬೇಕಾಗಿಲ್ಲ, ಡಬ್ಬಿ ಮುಚ್ಚಿಟ್ಟುಕೊಂಡು ತಿನ್ನಬೇಕಾಗಿಯೂ ಇಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ದೀಕ್ಷೆ ಪಡೆದು ವರ್ಷಗಳಾದರೂ ಸೋಮವಾರ, ಶುಕ್ರವಾರ ಬರೀ ಟೀ ಕುಡಿದು ದಿನ ದೂಡುವ ತಾಯಂದಿರಿದ್ದಾರೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದೇ ಅವರ ಪಾಲು. ಪಕ್ಕೆಲುಬು ಕಾಣುವಷ್ಟು ದೇಹ ದಂಡಿಸಿದ ಸಿದ್ಧಾರ್ಥ ಅದು ದಾರಿಯಲ್ಲ ಎಂದು ಕಂಡುಕೊಂಡು ಆಹಾರ ಸ್ವೀಕರಿಸಿದ. ಬೋಧಿ ದೊರೆತದ್ದು ಅದಾದ ಮೇಲೆ.

ಧಮ್ಮಪದ ಅಟ್ಠಕಥೆಯ ಆಳವಿಯ ರೈತನ ಕಥೆ ಕೇಳಿ. ತಪ್ಪಿಸಿಕೊಂಡ ಎತ್ತನ್ನು ಹುಡುಕಿ ಹಸಿದು ಬಂದ ಅವನಿಗಾಗಿ ಭಗವಾನರು ಸಭೆಯೆಲ್ಲ ಕಾಯುವಂತೆ ಮೌನವಾಗಿ ಕುಳಿತಿದ್ದರು. ಬಂದೊಡನೆ ಉಪದೇಶ ಶುರು ಮಾಡಲಿಲ್ಲ. ಉಳಿದ ಅನ್ನವಿದೆಯೇ ಎಂದು ಕೇಳಿ, ಅವನಿಗೆ ಬಡಿಸಲು ಹೇಳಿ, ಉಂಡ ಮೇಲೆ ಧಮ್ಮ ಹೇಳಿದರು. ಭಿಕ್ಖುಗಳೇ ಇದಕ್ಕೆ ಗೊಣಗಿದರಂತೆ.

ದುಬಾರಿ ಪುಡಿ ಡಬ್ಬಿಗಳೇನೂ ಬೇಡ. ರಾಗಿಯಲ್ಲಿ, ತೂಕಕ್ಕೆ ತೂಕ ನೋಡಿದರೆ, ಹಾಲಿನ ಎರಡು ಪಟ್ಟಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಟೀ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಹುಣ್ಣಿಮೆಗೆ ಅಷ್ಟಶೀಲ ಪಾಲಿಸುವವರು ಗಮನಿಸಿ: ಮಧ್ಯಾಹ್ನದ ನಂತರ ಉಣ್ಣಬಾರದು ಎಂದಿದೆಯೇ ಹೊರತು ಅದಕ್ಕೆ ಮೊದಲು ಉಣ್ಣಬೇಡಿ ಎಂದಿಲ್ಲ. ಗರ್ಭಿಣಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ಪಂಚಶೀಲವಂತೂ ಇದ್ದೇ ಇದೆ.

ಜೈ ಭೀಮ್.