ಕಳೆ ಕೀಳುವ ಹದ

ಮೈಸೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ ಮುಗಿಸಿದವರು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಮುಂದಿನ ಜಾಗಕ್ಕೆ ಎರಡು ಲೋಡು ಕೆಮ್ಮಣ್ಣು ಹೊಡೆಸುವುದು, ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಇಳಿಸುವುದು, ಅದರ ಮೇಲೆ ನರ್ಸರಿಯಿಂದ ತಂದ ಹುಲ್ಲಿನ ಹಾಳೆ ಹಾಸುವುದು. ನಮ್ಮ ಮನೆಯ ಮುಂದೆಯೂ ಅದೇ ಆಯಿತು. ಕಳೆ ಗಾಳಿಯಲ್ಲಿ ಬರುತ್ತದೆ, ಹಕ್ಕಿ ಉದುರಿಸಿ ಹೋಗುತ್ತದೆ ಎನ್ನುವುದೆಲ್ಲ ನಿಜವೇ. ಆದರೆ ಕೈತೋಟದ ಕಳೆಯಲ್ಲಿ ಬಹುಪಾಲು ನಾವೇ ದುಡ್ಡು ಕೊಟ್ಟು, ಬಾಡಿಗೆ ಕೊಟ್ಟು ತರಿಸಿಕೊಂಡದ್ದು.

ಮಣ್ಣಿನ ಜತೆ ಜೇಕು ಬರುತ್ತದೆ, ಗೊಬ್ಬರದ ಜತೆ ನಾನಾ ಜಾತಿಯ ಹುಲ್ಲಿನ ಬೀಜ. ದನದ ಹೊಟ್ಟೆ ಹಾದು ಬಂದರೂ ಎಷ್ಟೋ ಬೀಜಗಳು ಸಾಯುವುದಿಲ್ಲ. ತಿಪ್ಪೆಯ ಒಳಗಿನ ಕಾವು 55–60 ಡಿಗ್ರಿಗೆ ಏರಿ ಕೆಲವು ದಿನ ಹಾಗೇ ನಿಂತರೆ ಹೆಚ್ಚಿನವು ಬೇಯುತ್ತವೆ. ಮಗುಚದೆ ಬಿಟ್ಟ ತಿಪ್ಪೆಯ ಅಂಚಿಗೆ ಆ ಕಾವು ತಟ್ಟುವುದೇ ಇಲ್ಲ. ಹಾಗಾಗಿ ಈಗ ಗೊಬ್ಬರ ಬಂದರೆ ಮೊದಲು ಒಂದು ಬೊಗಸೆ ತೆಗೆದು ಕುಂಡಕ್ಕೆ ಹಾಕಿ ನೀರು ಹಾಕುತ್ತೇನೆ. ಹತ್ತು ದಿನದಲ್ಲಿ ಕುಂಡ ಹಸಿರಾದರೆ ಆ ಗೊಬ್ಬರಕ್ಕೆ ಇನ್ನೂ ಮಾಗುವ ಕಾಲ ಇದೆ ಎಂದರ್ಥ. ಮೂಲೆಯಲ್ಲಿ ಎತ್ತರಕ್ಕೆ ರಾಶಿ ಹಾಕಿ, ನೀರು ಚಿಮುಕಿಸಿ, ಮಗುಚುತ್ತಾ ಕಾಯುವುದು.

ಜೇಕಿನ ಮಾತೇ ಬೇರೆ. ಅದು ಹುಲ್ಲಲ್ಲ, ಹುಲ್ಲಿನ ವೇಷ ಅಷ್ಟೇ. ಹೂ ಹೊತ್ತ ದಂಟನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಮೂರು ಏಣು ಕೈಗೆ ಸಿಗುತ್ತವೆ. ಲೆರಾಯ್ ಹೋಲ್ಮ್ ಮತ್ತು ಸಂಗಡಿಗರು 1977ರಲ್ಲಿ ತಂದ ‘ದಿ ವರ್ಲ್ಡ್ಸ್ ವರ್ಸ್ಟ್ ವೀಡ್ಸ್’ ಪುಸ್ತಕದಲ್ಲಿ ಜಗತ್ತಿನ ಕಳೆಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಇದರದೇ ಗಡ್ಡೆ ಭದ್ರಮುಷ್ಟಿ ಎಂಬ ಹೆಸರಿನಲ್ಲಿ ತೂಕಕ್ಕೆ ಮಾರಾಟವಾಗುತ್ತದೆ! ಹಸಿ ಗಡ್ಡೆಯನ್ನು ಉಗುರಿನಿಂದ ಸೀಳಿ ಮೂಸಿದರೆ ಒಳ್ಳೆಯ ಪರಿಮಳ. ಮಣ್ಣೊಳಗೆ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ತೆಳ್ಳನೆಯ ಬೇರುಕಾಂಡ, ಅಲ್ಲಿಂದ ಮತ್ತೊಂದಕ್ಕೆ. ಜಪಮಾಲೆಯ ಮಣಿಗಳ ಹಾಗೆ ಪೋಣಿಸಿಕೊಂಡಿರುತ್ತವೆ. ಮೊಳೆತ ಗಡ್ಡೆ ಗಟ್ಟಿಯಾಗಿ ಇರುವವರೆಗೆ ಸಾಲಿನ ಉಳಿದವು ನಿದ್ದೆಯಲ್ಲಿರುತ್ತವೆ. ಗುದ್ದಲಿ ಹಾಕಿ ಸರ ಕಡಿದಿರೋ, ತುಂಡು ತುಂಡಾಗಿ ಎಲ್ಲವೂ ಎದ್ದು ನಿಲ್ಲುತ್ತವೆ. ಮಳೆಗಾಲದಲ್ಲಿ ಜೇಕಿನ ಜಾಗವನ್ನು ಅಗೆಯಬಾರದು ಎನ್ನುವುದು ಇದಕ್ಕೇ.

ಮಳೆಗಾಲದಲ್ಲಿ ಮಾಡಬೇಕಾದ್ದು ಎಲೆಯನ್ನು ಕೀಳುತ್ತಲೇ ಇರುವುದು. ಮೊಳಕೆ ಎದ್ದ ಮೂರು ನಾಲ್ಕು ವಾರಕ್ಕೆ ಅದು ಹೊಸ ಗಡ್ಡೆ ಕಟ್ಟಲು ಶುರುಮಾಡುತ್ತದೆ. ಅಷ್ಟರೊಳಗೆ, ಅಂದರೆ ಎರಡು ವಾರಕ್ಕೊಮ್ಮೆ, ಎಲೆ ತೆಗೆಯುತ್ತಾ ಹೋದರೆ ಹಳೆಯ ಗಡ್ಡೆ ತನ್ನ ಗಂಟು ಕರಗಿಸಿಕೊಂಡೇ ಮೊಳೆಯಬೇಕು. ಬೇಸಾಯದ ಭಾಷೆಯಲ್ಲಿ ಹೇಳುವುದಾದರೆ ಅದಕ್ಕೆ ಆದಾಯವಿಲ್ಲ, ಖರ್ಚು ಮಾತ್ರ. ಅಗೆಯುವ ಕೆಲಸವನ್ನು ಮಾರ್ಚಿ ಬಿಸಿಲಿಗೆ ಇಟ್ಟುಕೊಳ್ಳಬೇಕು. ಒಂದು ಗೇಣು ಆಳದವರೆಗೆ ಮಣ್ಣು ತಿರುವಿ ಹಾಕಿ, ನೀರು ಸೋಕಿಸದೆ ಬಿಟ್ಟರೆ ಮೇಲೆ ಬಂದ ಗಡ್ಡೆಗಳು ಒಣಗಿ ಸುಕ್ಕಾಗುತ್ತವೆ. ಒಣಗುವುದನ್ನು ಮಾತ್ರ ಜೇಕು ತಾಳುವುದಿಲ್ಲ. ಇದಿಷ್ಟು ಮಾಡಿಯೂ ಪೂರಾ ಹೋಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಪಾತಿಗೆ ಒಂದು ಬುಟ್ಟಿ ಬರುತ್ತಿದ್ದದ್ದು ಈಗ ಒಂದು ಹಿಡಿಗೆ ಇಳಿದಿದೆ.

ಬೀಜದಿಂದ ಬರುವ ಕಳೆ ಇದಕ್ಕಿಂತ ಎಷ್ಟೋ ಮೇಲು. ಅದಕ್ಕೆ ರೈತರು ಮಾಡುವುದನ್ನೇ ನಾವೂ ಮಾಡಬಹುದು. ಏಪ್ರಿಲ್ ಕೊನೆಗೆ ಭರಣಿ ಮಳೆ ಒಂದೆರಡು ಹದ ಬಿದ್ದರೆ ಪಾತಿ ತುಂಬಾ ಸಣ್ಣ ಮೊಳಕೆ ಏಳುತ್ತವೆ. ಏಳಲಿ ಎಂದು ಬಿಟ್ಟು, ಎರಡೆಲೆ ಇರುವಾಗಲೇ ಬಿಸಿಲು ಕಾದ ಬೆಳಿಗ್ಗೆ ಮೇಲ್ಮೇಲೆ ಹೆರೆಯಬೇಕು. ಹೊಲದವರು ಬಿತ್ತನೆಗೆ ಮುಂಚೆ ಕುಂಟೆ ಹೊಡೆಯುವುದೂ ಇದಕ್ಕೇ. ಹೆರೆಯುವುದು ಅರ್ಧ ಇಂಚಿಗಿಂತ ಆಳ ಹೋಗಬಾರದು. ಕೆಳಗೆ ಮಲಗಿರುವ ಬೀಜಗಳಲ್ಲಿ ಹಲವಕ್ಕೆ ಬೆಳಕು ಕಂಡರೆ ಎಚ್ಚರ. ನಾವು ಅಗೆದು ಅವನ್ನು ಮೇಲಕ್ಕೆ ತಂದುಕೊಡುತ್ತೇವೆ, ಆಮೇಲೆ ಮಳೆಯನ್ನು ಬಯ್ಯುತ್ತೇವೆ.

ಏಪ್ರಿಲ್–ಮೇ ತಿಂಗಳಲ್ಲಿ ಪಾತಿ ಖಾಲಿ ಇದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸುವುದು ಇನ್ನೊಂದು ದಾರಿ. ಇಸ್ರೇಲಿನ ಯಾಕೋವ್ ಕಾಟಾನ್ ಮತ್ತು ಸಂಗಡಿಗರು 1976ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಮಣ್ಣಿನ ರೋಗ ತಡೆಯುವುದು ಅವರ ಉದ್ದೇಶ. ಮಣ್ಣನ್ನು ಚೆನ್ನಾಗಿ ನೆನೆಸಿ, ಹಾಳೆಯನ್ನು ನೆಲಕ್ಕೆ ಅಂಟುವಂತೆ ಹಾಸಿ, ಅಂಚನ್ನು ಮಣ್ಣಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆ ಈ ಕೆಲಸಕ್ಕೆ ಆಗದು, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಆಳದ ಜೇಕಿನ ಗಡ್ಡೆಗೆ ಇದೂ ನಾಟುವುದಿಲ್ಲ, ಮೇಲಿನ ಬೀಜಗಳ ಕಥೆ ಮಾತ್ರ ಮುಗಿಯುತ್ತದೆ.

ಮುಚ್ಚಿಗೆಯ ವಿಷಯದಲ್ಲಿ ಪುಸ್ತಕಗಳು ಹೇಳದ ಒಂದು ತಾಪತ್ರಯ ನಮ್ಮ ಕಡೆ ಇದೆ, ಗೆದ್ದಲು. ರಟ್ಟು ಹಾಸಿ ಮೇಲೆ ತೆಂಗಿನ ಸಿಪ್ಪೆ ಹಾಕಿದರೆ ಬೇಸಿಗೆಯಲ್ಲಿ ಅಡಿಯಲ್ಲೆಲ್ಲ ಗೆದ್ದಲು ಮಣ್ಣು ಕಟ್ಟುತ್ತದೆ. ನಮ್ಮಲ್ಲಿ ಗುಲಾಬಿ ಗಿಡದ ಬುಡಕ್ಕೇ ಬಂದಿತ್ತು. ತರಗೆಲೆಯನ್ನು ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟು, ಆಗಾಗ ನೀರು ಚಿಮುಕಿಸುತ್ತಿದ್ದರೆ ಅದು ಗೆದ್ದಲಿಗಿಂತ ಮುಂಚೆ ಕೊಳೆತು ಗೊಬ್ಬರವಾಗುತ್ತದೆ. ರಸ್ತೆಯ ಹೊಂಗೆ ಮರಗಳ ತರಗು ಗುಡಿಸಿ ಗೋಣಿಗೆ ತುಂಬುವಾಗ ಪಕ್ಕದ ಮನೆಯವರು ಒಂದು ಥರಾ ನೋಡುತ್ತಾರೆ. ನೋಡಲಿ.

ವಿನೆಗರ್, ಉಪ್ಪು, ಸೋಪಿನ ನೀರು ಬೆರೆಸಿ ಸಿಂಪಡಿಸಿ ಎನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅಡುಗೆಮನೆಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಶೇ. 4–5ರಷ್ಟು. ಎಳೆ ಎಲೆ ಸುಡುತ್ತದೆ, ಗರಿಕೆಯ ಬೇರಿಗೆ ಏನೂ ಆಗುವುದಿಲ್ಲ. ಉಪ್ಪಂತೂ ಕಳೆಗಿಂತ ಹೆಚ್ಚು ದಿನ ಮಣ್ಣಲ್ಲಿ ಉಳಿಯುತ್ತದೆ. ಪಾತಿಯ ಹತ್ತಿರ ಸುಳಿಯಕೂಡದು. ಅಂಗಳದ ಕಲ್ಲಿನ ಸಂದಿಗಳಿಗೆ ಕುದಿಯುವ ನೀರು ಸುರಿದರೆ ಸಾಕು.

ಗರಿಕೆ ಲಾನಿನೊಳಗೆ ಇದ್ದರೆ ಬೆಳೆ, ಪಾತಿಗೆ ನುಗ್ಗಿದರೆ ಕಳೆ. ಎರಡರ ನಡುವೆ ಅರ್ಧ ಅಡಿ ಆಳದ ಕಾಲುವೆ ತೆಗೆದು, ದಾಟಲು ಬಂದ ಬಳ್ಳಿಗಳನ್ನು ಕತ್ತರಿಸುತ್ತಿರಬೇಕು. ಲಾನಿನ ಇತರ ಕಳೆಗಳಿಗೆ ಮುಖ್ಯ ಮದ್ದು ಹುಲ್ಲು ಕತ್ತರಿಸುವ ಯಂತ್ರದ ಎತ್ತರ. ಮಾಲಿಗಳು ನೆಲ ಕಾಣುವಂತೆ ಬೋಳಿಸುತ್ತಾರೆ, ಮುಟ್ಟಿದರೆಮುನಿ ಮೊಳೆಯಲು ಅದಕ್ಕಿಂತ ಅನುಕೂಲ ಬೇಕೆ? ಒಂದೂವರೆಯಿಂದ ಎರಡು ಇಂಚು ಹುಲ್ಲು ಉಳಿಸಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಹುಲ್ಲಿನ ನೆರಳೇ ಬೀಜಗಳನ್ನು ಅದುಮಿಡುತ್ತದೆ.

ನಂಜನಗೂಡು ಕಡೆಯಿಂದ ಕಳೆಗೆ ಬರುವ ಅಕ್ಕನ ಕುಡುಗೋಲಿನ ಹಿಂದೆ ಮೂರು ಗುಡ್ಡೆ ಬೀಳುತ್ತವೆ. ಹೊನಗೊನ್ನೆ, ಗೋಣಿಸೊಪ್ಪು, ಅಣ್ಣೆಸೊಪ್ಪು, ಕೀರೆ ಒಂದು ಕಡೆ. ಅದು ಸೆರಗಿಗೆ, ಸಂಜೆಯ ಉಪ್ಸಾರಿಗೆ. ಬೀಜ ಕಟ್ಟದ ಹುಲ್ಲು ಇನ್ನೊಂದು ಕಡೆ. ಬೇರಿನ ಮಣ್ಣು ಕೊಡವಿ ಅಲ್ಲೇ ಗಿಡದ ಬುಡಕ್ಕೆ ಹಾಸುತ್ತಾರೆ. ಜೇಕಿನ ಗಡ್ಡೆ, ಗರಿಕೆ ಬೇರು ಮೂರನೆಯದು. ಅದು ಬಿಸಿಲಿಗೆ, ತಾರಸಿ ಮೇಲೆ. “ಇದ್ನ ಗುಂಡಿಗೆ ಹಾಕ್ಬಿಟ್ಟೀರಾ, ಗೊಬ್ರದ್ ಜತೆ ವಾಪಸ್ ಬತ್ತದೆ,” ಎಂದು ಪ್ರತಿ ಸಲ ಹೇಳುತ್ತಾರೆ. ಕಾಂಗ್ರೆಸ್ ಗಿಡವನ್ನು ಮಾತ್ರ ಅವರು ಬರಿಗೈಲಿ ಮುಟ್ಟುವುದಿಲ್ಲ, ಮೈಗೆ ತುರಿಕೆ ಏಳುತ್ತದೆ. ಹೂ ಬಿಡುವ ಮೊದಲು ಕೈಗವಸು ತೊಟ್ಟು ಬೇರುಸಮೇತ ಕೀಳಬೇಕು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಪಕ್ಕದ ಖಾಲಿ ಸೈಟಿನಲ್ಲಿ ಮಳೆಗಾಲಕ್ಕೆ ಅದರ ಎಲೆ ತಿನ್ನುವ ಪಟ್ಟೆಪಟ್ಟೆಯ ಪುಟ್ಟ ಜೀರುಂಡೆಗಳು ಬರುತ್ತವೆ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, ಮರುವರ್ಷ ಬಿಟ್ಟ ಜಾತಿಯ ಸಂತತಿ ಅವು. ಹಾಗಾಗಿ ಆ ಸೈಟಿಗೆ ಯಾರಾದರೂ ಔಷಧಿ ಹೊಡೆಯಲು ಬಂದರೆ ನಾನು ಗೇಟಿನ ಹತ್ತಿರ ಹೋಗಿ ಜಗಳಕ್ಕೆ ನಿಲ್ಲುತ್ತೇನೆ.

ಈ ವರ್ಷ ಕಾಂಪೌಂಡಿನ ಪಕ್ಕದ ಲಾನಿನ ಪಟ್ಟಿಯನ್ನು ತೆಗೆದು ಸಿಹಿಗೆಣಸಿನ ಬಳ್ಳಿ ನೆಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅಲ್ಲಿ ಜೇಕು ಇನ್ನೂ ಉಳಿದಿದೆ, ಅದಕ್ಕೆ ನೆರಳೂ ಆಗದು. ಬಳ್ಳಿ ಹಬ್ಬಿ ನೆಲ ಮುಚ್ಚುವವರೆಗೆ ಮೊದಲ ಒಂದೂವರೆ ತಿಂಗಳು ಕೈಯಲ್ಲಿ ಕೀಳಬೇಕು, ಆಮೇಲೆ ಗೆಣಸು ಕೀಳಲು ಹೇಗೂ ಅಗೆಯಲೇಬೇಕು, ಆಗ ಜೇಕಿನ ಗಡ್ಡೆಗಳೂ ಜತೆಗೇ ಮೇಲೆ ಬರುತ್ತವೆ. ಹೆಗ್ಗಣ ಏನಾದರೂ ಉಳಿಸಿದರೆ ಸಂಕ್ರಾಂತಿಗೆ ಬೇಯಿಸಲು ಗೆಣಸು ನಮ್ಮದೇ.