ಅರ್ಧ ದಿನದ ಕೆಲಸಕ್ಕೂ ಹೆರಿಗೆ ರಜೆ ಉಂಟು

“ನೀವು ಪಾರ್ಟ್ ಟೈಮ್‌ನವರು, ನಿಮಗೆಲ್ಲಿಯ ಹೆರಿಗೆ ರಜೆ?” ಬಟ್ಟೆ ಅಂಗಡಿ, ಲ್ಯಾಬ್, ಖಾಸಗಿ ಶಾಲೆ, ಆಡಿಟರ್ ಕಚೇರಿಗಳಲ್ಲಿ ಅರ್ಧ ದಿನ ದುಡಿಯುವ ಹೆಣ್ಣುಮಕ್ಕಳು ಈ ಮಾತು ಕೇಳಿ ಸುಮ್ಮನಾಗುವುದುಂಟು. ಸುಮ್ಮನಾಗಬೇಕಿಲ್ಲ. ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಿದಿರಿ ಎಂದು ಕಾನೂನು ಕೇಳುವುದಿಲ್ಲ. ಎಷ್ಟು ದಿನ ಕೆಲಸಕ್ಕೆ ಬಂದಿರಿ ಎಂದಷ್ಟೇ ಕೇಳುತ್ತದೆ.

ಯಾರಿಗೆ ಅನ್ವಯ?

ಈ ಹಕ್ಕು ಕೊಟ್ಟದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮುಖ್ಯ ಸೌಲಭ್ಯಗಳು ಹಾಗೆಯೇ ಉಳಿದಿವೆ. ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳ ಜೊತೆಗೆ 10 ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ, ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಕಾಯಂ ಅಲ್ಲ ಎಂಬ ನೆಪ ನಡೆಯುವುದಿಲ್ಲ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಮಹಿಳಾ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ದಿನಗೂಲಿಯವರಿಗೂ ಈ ಸೌಲಭ್ಯ ಸಲ್ಲಬೇಕೆಂದು ಹೇಳಿದೆ.

80 ದಿನದ ಲೆಕ್ಕ

ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ವಾರಕ್ಕೆ ಮೂರೇ ದಿನ ಹೋಗುವವರಿಗೂ 27 ವಾರಕ್ಕೆ 81 ದಿನ ಆಗುತ್ತದೆ. ಸಂಬಳ ಸಹಿತ ರಜಾದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಮೊದಲ ಎರಡು ಮಕ್ಕಳಿಗೆ 26 ವಾರದ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ ಗರಿಷ್ಠ 8 ವಾರ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಮಗುವನ್ನು ದತ್ತು ಪಡೆದ ತಾಯಿಗೂ 12 ವಾರ.

ಕೈಗೆ ಬರುವುದೆಷ್ಟು?

ರಜೆಗೆ ಹಿಂದಿನ ಮೂರು ತಿಂಗಳಲ್ಲಿ ನೀವು ದುಡಿದ ದಿನಗಳ ಸರಾಸರಿ ಸಂಬಳವೇ ಆಧಾರ. ವಾರಕ್ಕೆ ಆರು ದಿನ, ಅರ್ಧ ದಿನದ ಕೆಲಸಕ್ಕೆ 300 ರೂಪಾಯಿ ಪಡೆಯುವವರನ್ನು ಗಮನಿಸಿ. 26 ವಾರವೆಂದರೆ 182 ದಿನ. ಸಿಗಬೇಕಾದದ್ದು 54,600 ರೂಪಾಯಿ. ಭಾನುವಾರ ಕಳೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ. ಕೊಯಮತ್ತೂರು ಕಾರ್ಮಿಕ ನ್ಯಾಯಾಲಯದಿಂದ ಬಂದ ಬಿ. ಷಾ ಪ್ರಕರಣದಲ್ಲಿ, ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ತೀರ್ಪು ಕೊಟ್ಟಿದೆ.

ಹೆರಿಗೆಗೆ ಮುಂಚಿನ ಅವಧಿಯ ಹಣ ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಸಿಗಬೇಕು. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಹಣ ಕೊಡುವುದು ಇಎಸ್‌ಐ ನಿಗಮ. ಅರ್ಜಿಯನ್ನೂ ಅಲ್ಲಿಗೇ ಕೊಡಬೇಕು.

ಕೆಲಸಕ್ಕೆ ಮರಳಿದ ಮೇಲೆ

ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ವಿರಾಮದ ಜೊತೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕು. ಅದಕ್ಕಾಗಿ ಸಂಬಳ ಹಿಡಿಯುವಂತಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು. ವಿರಾಮದ ಹೊತ್ತೂ ಸೇರಿ ದಿನಕ್ಕೆ ನಾಲ್ಕು ಬಾರಿ ತಾಯಿ ಮಗುವನ್ನು ನೋಡಿ ಬರಬಹುದು.

ಒಂದು ವಿಷಯ ಸ್ಪಷ್ಟವಿರಲಿ. ಮಗು ಚಿಕ್ಕದಿದೆ ಎಂದು ಪೂರ್ಣಾವಧಿ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಡಿ ಎಂದು ಹಟ ಹಿಡಿಯುವ ಹಕ್ಕನ್ನು ಈ ಕಾನೂನು ಕೊಟ್ಟಿಲ್ಲ. ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮಾಡುವುದೂ ಇಬ್ಬರೂ ಒಪ್ಪಿದರೆ ಮಾತ್ರ. ಆದ್ದರಿಂದ ಇಂಥ ಒಪ್ಪಂದ ಬಾಯಿಮಾತಿನಲ್ಲಿ ನಿಲ್ಲಬಾರದು. ಗಂಟೆ ಎಷ್ಟು, ಸಂಬಳ ಎಷ್ಟು, ಎಲ್ಲಿಯವರೆಗೆ ಈ ಏರ್ಪಾಡು, ಹಿಂದಿನ ಸೇವೆ ಮುಂದುವರಿಯುತ್ತದೆಯೇ ಎಂಬ ನಾಲ್ಕೂ ಬರಹದಲ್ಲಿರಲಿ. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿ ಎಂದರೆ ಸಹಿ ಹಾಕುವ ಮುನ್ನ ಯೋಚಿಸಿ. ಗ್ರಾಚ್ಯುಟಿಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾದೀತು.

ಕೊಡದಿದ್ದರೆ?

ಮೊದಲು ರಜೆಯ ನೋಟಿಸನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗರ್ಭಿಣಿಯಾಗಿದ್ದಾಗ ಕೊಟ್ಟಿರದಿದ್ದರೆ ಹೆರಿಗೆಯಾದ ಮೇಲೆ ಆದಷ್ಟು ಬೇಗ ಕೊಡಬಹುದು. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲವೇ? ತಾಯಿ ಕಾರ್ಡ್ ಜೊತೆಗೆ ಹಾಜರಿ ಪುಸ್ತಕದ ಫೋಟೊ, ಸಂಬಳ ಜಮೆಯಾದ ಪಾಸ್‌ಬುಕ್ ಪುಟ, “ನಾಳೆ ಹತ್ತಕ್ಕೆ ಬನ್ನಿ” ಎಂಬ ವಾಟ್ಸ್ಆ್ಯಪ್ ಸಂದೇಶ, ಎಲ್ಲವನ್ನೂ ಜೋಪಾನ ಮಾಡಿ. 80 ದಿನ ದುಡಿದದ್ದನ್ನು ತೋರಿಸಲು ಇವು ನೆರವಾಗುತ್ತವೆ.

ಹಣ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಲಿಖಿತ ದೂರು ಕೊಡಿ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆದುಹಾಕುವುದು ಕಾನೂನುಬಾಹಿರ; ಆದೇಶ ತಲುಪಿದ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ಈ ಗಡುವು ಜಾರದಿರಲಿ.

ಮನೆಗೆಲಸದವರ ಪಾಡು

ನಾಲ್ಕು ಮನೆ ಕೆಲಸ ಮಾಡುವವರು ಈ ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಅವರು ಅಂಗನವಾಡಿಯಲ್ಲಿ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಗೆ ಹೆಸರು ನೋಂದಾಯಿಸಲಿ. ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಆರು ತಿಂಗಳ ಸಂಬಳದೆದುರು ಇದು ತೀರಾ ಸಣ್ಣ ಮೊತ್ತ. ಕಾನೂನು ಇನ್ನೂ ತುಂಬಬೇಕಾದ ಅಂತರವಿದು.

ವಕೀಲರ ಫೀಸಿಗೆ ಹೆದರಿ ಯಾರೂ ಹಿಂದೆ ಸರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.